ಆನೆ ಸಾಲಿನಿಂದ ಶುರು

ದಿಲ್ಲಿಯ ದಂಡು ಹಳೇಬೀಡಿಗೆ ಬಂದು ಹಿಂದಿರುಗಿದ್ದನ್ನು ಚರಿತ್ರೆ ಬರೆದಿಟ್ಟಿದೆ. ಯಾವಾಗ ಬಂದರು, ಏನೇನು ಹೊತ್ತುಕೊಂಡು ಹೋದರು, ಎಲ್ಲಕ್ಕೂ ಪುಸ್ತಕಗಳಿವೆ. ಆದರೆ ಗೈಡ್ ರಘುರಾಮ್ ಅದೇ ಹಳೇಬೀಡಿನ ಗುಡಿಯ ಗೋಡೆಯುದ್ದಕ್ಕೂ ಎಷ್ಟು ಸಲ ಮುಂದೆ ಹೋಗಿ ಎಷ್ಟು ಸಲ ಹಿಂದಿರುಗಿದ್ದಾನೆ ಎಂಬುದನ್ನು ಕಲ್ಲಿನಲ್ಲಿ ಕೊರೆಯುವ ಶಾಸನಕಾರ ಇನ್ನೂ ಹುಟ್ಟಿಲ್ಲ. ದಂಡಿಗಾದರೂ ಹಿಂದಿರುಗಲು ಒಂದು ಕಾರಣವಿತ್ತು, ದೋಚುವ ಕೆಲಸ ಮುಗಿದಿತ್ತು. ರಘುರಾಮನನ್ನು ಹಿಮ್ಮೆಟ್ಟಿಸಲು ಯಾರಾದರೂ ಒಂದು ಪ್ರಶ್ನೆ ಕೇಳಿದರೆ ಸಾಕಿತ್ತು.

ವಿಷಯ ಇಷ್ಟೇ. ಗೋಡೆಯ ವಿವರಣೆಯನ್ನು ರಘುರಾಮ್ ಬಾಯಿಪಾಠ ಮಾಡಿದ್ದ. ಕೆಳಗಿನ ಆನೆ ಸಾಲಿನಿಂದ ಶುರು. ಆನೆ ಅಂದರೆ ಬಲ. ಅದರ ಮೇಲೆ ಸಿಂಹ, ಸಿಂಹ ಅಂದರೆ ಧೈರ್ಯ. ಆಮೇಲೆ ಬಳ್ಳಿ, ಅದು ಚೆಲುವು. ಆಮೇಲೆ ಕುದುರೆ, ಅದು ವೇಗ. ಅಲ್ಲಿಂದ ಪುರಾಣದ ಕಥೆಗಳು, ಮಕರ, ಹಂಸ, ಕೊನೆಗೆ ದೊಡ್ಡ ವಿಗ್ರಹಗಳು. ನಡುವೆ ಯಾರಾದರೂ ಬಾಯಿ ಹಾಕಿದರೆ ದಾರ ಕಡಿಯುತ್ತಿತ್ತು. ಕಡಿದ ದಾರವನ್ನು ಕಡಿದಲ್ಲೇ ಗಂಟು ಹಾಕುವ ವಿದ್ಯೆ ಅವನಿಗೆ ಬರಲಿಲ್ಲ. ಕೈ ಎರಡನ್ನೂ ಬೆನ್ನಿನ ಹಿಂದೆ ಕಟ್ಟಿಕೊಂಡು, ತಲೆ ತಗ್ಗಿಸಿ, ಬಾಗಿಲ ಪಕ್ಕದ ಮೊದಲ ಆನೆಯವರೆಗೆ ನಡೆದು ಹೋಗಿ, ಗಂಟಲು ಸರಿಮಾಡಿಕೊಂಡು, "ದಿಸ್ ಈಸ್ ದ ಎಲಿಫೆಂಟ್" ಅನ್ನುತ್ತಿದ್ದ.

ಇದರ ಸುತ್ತ ಬೆಳೆದ ಕಥೆಗಳಿಗೆ ಲೆಕ್ಕವಿಲ್ಲ. ಮಕರದ ಸಾಲಿನ ಹತ್ತಿರ ಜರ್ಮನಿಯವನೊಬ್ಬ ಸೀನಿದ್ದಕ್ಕೆ ಇಡೀ ಗುಂಪು ಮತ್ತೆ ಆನೆಗೆ ಬಂದಿತಂತೆ. ಗುಜರಾತಿನ ಕುಟುಂಬವೊಂದು ಸಾಲಿಗೊಂದು ಪ್ರಶ್ನೆ ಕೇಳಿ ಅರಸೀಕೆರೆಯಲ್ಲಿ ರೈಲು ತಪ್ಪಿಸಿಕೊಂಡಿತಂತೆ. ಟೂರಿಸ್ಟ್ ಬಸ್ಸಿನ ಡ್ರೈವರುಗಳು ಬಾಗಿಲು ತೆಗೆಯುವ ಮೊದಲೇ ಪ್ರಯಾಣಿಕರಿಗೆ ಕೈ ಮುಗಿಯುತ್ತಿದ್ದರು: "ಒಳಗೆ ರಘು ಅಂತ ಗೈಡ್ ಸಿಕ್ರೆ ಏನೂ ಕೇಳ್ಬೇಡಿ ಸಾರ್. ನಾವು ಇವತ್ತೇ ಊಟ ಮಾಡ್ಬೇಕು." ಹಲ್ಲುನೋವೆಂದು ಬೇಲೂರಿನ ಡಾಕ್ಟರ ಹತ್ತಿರ ಹೋದಾಗ, ಯಾವ ಹಲ್ಲು ಎಂದು ಕೇಳಿದ್ದಕ್ಕೆ ಹಾಲುಹಲ್ಲಿನಿಂದ ಶುರು ಮಾಡಿದನೆಂದೂ ಹೇಳುತ್ತಾರೆ. ಇದೊಂದು ಮಾತ್ರ ಸುಳ್ಳಿರಬಹುದು.

ರಘುರಾಮನ ಮನೆ ಬೇಲೂರು. ತಂದೆ ಗೋಪಾಲಸ್ವಾಮಿ ಅಲ್ಲಿಯ ದೇವಸ್ಥಾನದಲ್ಲಿ ಪಾರಾಯಣ ಮಾಡುವವರು. ಚಿಕ್ಕಂದಿನಲ್ಲಿ ಮಗನಿಗೆ ಪಾಠ ಹೇಳಿಕೊಟ್ಟವರೂ ಅವರೇ. ಆ ಮನೆಯ ಕಟ್ಟಳೆ ಒಂದೇ: ನಡುವೆ ತಡವರಿಸಿದರೆ ಮತ್ತೆ ಮೊದಲಿನಿಂದ. ಕಡೆಯ ಪದದಲ್ಲಿ ತಡವರಿಸಿದರೂ ಮೊದಲಿನಿಂದ. ಗೋಪಾಲಸ್ವಾಮಿಗಳು ಹೊಡೆಯುತ್ತಿರಲಿಲ್ಲ, ಬಯ್ಯುತ್ತಿರಲಿಲ್ಲ. ಕಣ್ಣು ಮುಚ್ಚಿ, ಬೆರಳೊಂದನ್ನು ಹಿಂದಕ್ಕೆ ತೋರಿಸುತ್ತಿದ್ದರು. ಆ ಬೆರಳು ರಘುರಾಮನಿಗೆ ನಲವತ್ತು ದಾಟಿದ ಮೇಲೂ ಕಾಣುತ್ತಿತ್ತು.

ಪಾರಾಯಣಕ್ಕೆ ಆಗದ ಮಗ ಹಳೇಬೀಡಿನಲ್ಲಿ ಗೈಡ್ ಆದ. ಅವನಿಗೆ ಮದುವೆಯಾಗಲಿಲ್ಲ. ಹೆಣ್ಣು ನೋಡಲು ಹೋದ ಕಡೆಯಲ್ಲೆಲ್ಲ ಹುಡುಗಿಯ ಸೋದರಮಾವಂದಿರು ಪ್ರಶ್ನೆ ಕೇಳುತ್ತಿದ್ದರು. ಒಂದು ಪ್ರಶ್ನೆಗೆ ಉತ್ತರ ಅರ್ಧ ಆಗಿರುವಾಗ ಇನ್ನೊಂದು ಬರುತ್ತಿತ್ತು. ರಘುರಾಮ್ ಮತ್ತೆ ತಾನು ಹುಟ್ಟಿದ ಊರಿನಿಂದ ಶುರು ಮಾಡುತ್ತಿದ್ದ. ಉಪ್ಪಿಟ್ಟು ಆರುತ್ತಿತ್ತು. ಹುಡುಗಿ ಒಳಗೆ ಹೋಗುತ್ತಿದ್ದಳು. ಹೀಗೆ ಒಳಗೆ ಹೋದವರೆಲ್ಲ ಬೇರೆ ಬೇರೆ ಊರುಗಳಲ್ಲಿ ಸುಖವಾಗಿದ್ದಾರೆ.

ಗೋಡೆಯ ಒಂದು ತಿರುವಿನಲ್ಲಿ ಒಬ್ಬ ತರುಣ, ಒಬ್ಬ ತರುಣಿ ಇದ್ದಾರೆ. ತರುಣ ಕೈ ಮುಂದೆ ಚಾಚಿದ್ದಾನೆ. ಕೈಯಲ್ಲಿ ಹೂವಿತ್ತೋ ಹಣ್ಣಿತ್ತೋ, ಈಗ ಬರೀ ಮಣಿಕಟ್ಟು ಉಳಿದಿದೆ. ತರುಣಿ ಮುಖವನ್ನು ಆಚೆ ತಿರುಗಿಸಿದ್ದಾಳೆ. ಅಲ್ಲಿಗೆ ಬಂದಾಗ ರಘುರಾಮ್ ದಿನವೂ ಹೇಳುತ್ತಿದ್ದ ಮಾತು: "ಹಿಯರ್ ದ ಬ್ರೇವ್ ಪ್ರಿನ್ಸ್ ಈಸ್ ವೂಯಿಂಗ್ ದ ಲೇಡಿ." ಇದನ್ನು ಕಲಿಸಿದವರು ಹಿರಿಯ ಗೈಡ್ ಜಯದೇವಪ್ಪ. ಅವರ ಹಿಂದೆ ಒಂದು ಮಳೆಗಾಲ ಬಾಲದಂತೆ ನಡೆದು ರಘುರಾಮ್ ಇಡೀ ಗೋಡೆಯನ್ನು ಕಿವಿಯಿಂದ ಕಲಿತಿದ್ದ. ಆ ಮಾತಿನ ಅರ್ಥವೇನು ಎಂದು ಅವನು ಕೇಳಿರಲಿಲ್ಲ. ಪಾರಾಯಣದ ಮನೆಯಲ್ಲಿ ಹುಟ್ಟಿದವನಿಗೆ ಅರ್ಥ ಕೇಳುವ ಅಭ್ಯಾಸವಿರಲಿಲ್ಲ.

ಕೇಳಿದ್ದು ಒಂಬತ್ತನೇ ಕ್ಲಾಸಿನ ಹುಡುಗಿ. ಡಿಸೆಂಬರಿನಲ್ಲಿ ಅರಸೀಕೆರೆ ತಾಲ್ಲೂಕಿನ ಒಂದು ಸರ್ಕಾರಿ ಹೈಸ್ಕೂಲಿನ ಮಕ್ಕಳು ಪ್ರವಾಸ ಬಂದಿದ್ದರು. ಕರೆತಂದವಳು ಇಂಗ್ಲಿಷ್ ಟೀಚರ್ ಮಾಲಿನಿ. ವರ್ಷವೂ ಬರುತ್ತಿದ್ದಳು, ಮಕ್ಕಳ ಕಿವಿಗೆ ಬೀಳಲಿ ಎಂದು ಇಂಗ್ಲಿಷಿನಲ್ಲೇ ಹೇಳಿ ಅನ್ನುತ್ತಿದ್ದಳು. ರಘುರಾಮ್ ತಿರುವಿನವರೆಗೆ ಯಾವ ಅಡ್ಡಿಯೂ ಇಲ್ಲದೆ ಬಂದು, ಆ ಮಾತು ಹೇಳಿ, ಮುಂದಿನ ಉಸಿರು ಎಳೆದುಕೊಳ್ಳುತ್ತಿದ್ದ.

"ಸಾರ್, ವೂಯಿಂಗ್ ಅಂದ್ರೆ ಏನು ಸಾರ್?"

ಹಿತಾ ಎಂಬ ಎರಡು ಜಡೆಯ ಹುಡುಗಿ. ರಘುರಾಮನ ಕೈ ತಾನಾಗಿ ಬೆನ್ನಿನ ಹಿಂದೆ ಹೋಯಿತು. ಮಕ್ಕಳಿಗೆ ಹಿಂದಿನ ವರ್ಷದವರು ಎಲ್ಲ ಹೇಳಿಕೊಟ್ಟಿದ್ದರು. "ಆನೆ! ಆನೆ!" ಎಂದು ಕೂಗಿ ಓಡಲು ಸಿದ್ಧರಾದರು.

"ಆನೆಗಳು ಎಲ್ಲೂ ಓಡಿಹೋಗಲ್ಲ ಸಾರ್," ಮಾಲಿನಿ ಅಂದಳು. "ಇದನ್ನ ಹೇಳಿ ಹೋಗಿ."

ರಘುರಾಮನಿಗೆ ಗೋಡೆಯ ಆನೆಗಳೆಲ್ಲ ಸೊಂಡಿಲೆತ್ತಿ ತನ್ನ ಉತ್ತರಕ್ಕೇ ಕಾಯುತ್ತಿವೆ ಅನ್ನಿಸಿತು.

"ಅದು... ಮದುವೆಗೆ ಮುಂಚೆ ಮಾಡೋದಮ್ಮ."

"ಛತ್ರ ಬುಕ್ ಮಾಡೋದಾ ಸಾರ್?"

ಮಕ್ಕಳು ಬಿದ್ದು ಬಿದ್ದು ನಕ್ಕರು. ಮಾಲಿನಿಯೂ ಸೆರಗು ಬಾಯಿಗೆ ಒತ್ತಿಕೊಂಡಳು. "ಅದಕ್ಕೂ ಮುಂಚೆ ಕಣೇ. ಒಬ್ಬರು ಇನ್ನೊಬ್ಬರನ್ನ ಇಷ್ಟಪಟ್ಟು, ಅವರ ಮನಸ್ಸು ತನ್ನ ಕಡೆ ತಿರುಗಲಿ ಅಂತ ಓಲೈಸೋದು, ಕೇಳಿಕೊಳ್ಳೋದು. ಎಲೆಕ್ಷನ್ ಬಂದಾಗ ಪಾರ್ಟಿಗಳು ವೋಟರ್‌ಗಳನ್ನ ವೂ ಮಾಡ್ತವೆ ಅಂತ ಇಂಗ್ಲಿಷ್ ಪೇಪರ್‌ನಲ್ಲಿ ಬರೀತಾರೆ, ಅದೂ ಇದೇ. ಓಟು ಬೀಳುತ್ತೋ ಇಲ್ವೋ ಗೊತ್ತಿರಲ್ಲ ನೋಡು, ಅದೇ ಮುಖ್ಯ. ಉತ್ತರ ಮೊದಲೇ ಗೊತ್ತಿದ್ರೆ ಅದು ವೂಯಿಂಗ್ ಅಲ್ಲ."

"ನಮ್ಮಕ್ಕನ್ನ ಕೇಳೋಕೆ ಬಂದಿದ್ರಲ್ಲ ಮಿಸ್, ಅದು?"

"ಅವರು ನಿಮ್ಮಕ್ಕನ್ನ ಎಲ್ಲಿ ಕೇಳಿದ್ರು? ನಿಮ್ಮಪ್ಪನ್ನ ಕೇಳಿದ್ರು. ಇದು ಅವಳನ್ನೇ ಕೇಳೋದು."

ಹಿತಾ ಗೋಡೆಯ ತರುಣನನ್ನು ಹೊಸದಾಗಿ ನೋಡಿದಳು. "ಹಂಗಾದ್ರೆ ಇವನಿಗೆ ಭಯ ಆಗಿರ್ಬೇಕಲ್ವಾ ಮಿಸ್?"

"ಮುಖ ಸವೆದುಹೋಗಿದೆ, ಗೊತ್ತಾಗಲ್ಲ. ಕಾಲು ನೋಡು."

ಎಲ್ಲರೂ ಕಾಲು ನೋಡಿದರು. ರಘುರಾಮನೂ ನೋಡಿದ. ತರುಣನ ಹಿಂದಿನ ಕಾಲಿನ ಹಿಮ್ಮಡಿ ನೆಲದಿಂದ ಎದ್ದಿತ್ತು. ಕೈ ಮುಂದಕ್ಕೆ, ಕಾಲು ಹಿಂದಕ್ಕೆ. ಅವಳು ಇಲ್ಲ ಅಂದರೆ ಓಡಲು ತಯಾರಾಗಿ ನಿಂತವನ ಕಾಲು. ಇಷ್ಟು ವರ್ಷ ದಿನವೂ ಬ್ರೇವ್ ಪ್ರಿನ್ಸ್ ಎಂದು ಸಾರಿದ ರಘುರಾಮ್ ಅವತ್ತು ಆ ಕಲ್ಲಿನ ಕಾಲಿನ ಮುಂದೆ ಬೆವತ. ಆಮೇಲೆ ಯಾರೂ ಕೇಳದಿದ್ದರೂ ಆನೆ ಸಾಲಿಗೆ ಹೋದ.

ಸಂಕ್ರಾಂತಿ ಕಳೆದ ಮೇಲೆ ಮಾಲಿನಿ ಒಬ್ಬಳೇ ಬಂದಳು. ಮಕ್ಕಳಿಗೆ ಈ ಗೋಡೆಯಿಂದಲೇ ಒಂದಿಷ್ಟು ಪಾಠ ಮಾಡುವ ಆಸೆ, ಸರಿಯಾಗಿ ತಿಳಿದುಕೊಳ್ಳಬೇಕು ಅಂದಳು. ಹೀಗೆ ಕೆಲವು ಭಾನುವಾರ ಬಂದಳು. ಅವಳಷ್ಟು ಪ್ರಶ್ನೆ ಕೇಳುವ ಜೀವವನ್ನು ರಘುರಾಮ್ ಕಂಡಿರಲಿಲ್ಲ. ಸಿಂಹದ ಬಾಲ ಯಾಕೆ ಹೀಗೆ, ಕುದುರೆಯವನ ಕೈಯಲ್ಲಿ ಏನು, ಈ ಹಂಸ ಯಾಕೆ ಕೋಪ ಮಾಡಿಕೊಂಡಿದೆ. ಪ್ರತಿ ಪ್ರಶ್ನೆಗೂ ಅವನು ಹಿಂದಿರುಗುತ್ತಿದ್ದ. ಬೇರೆಯವರಾದರೆ ನಿಂತಲ್ಲೇ ನಿಂತು ಮೊಬೈಲ್ ನೋಡುತ್ತ, ಗೈಡ್ ಮತ್ತೆ ತಮ್ಮ ತನಕ ಬರಲಿ ಎಂದು ಕಾಯುತ್ತಿದ್ದರು. ಮಾಲಿನಿ ಅವನ ಜೊತೆಗೇ ಆನೆ ಸಾಲಿಗೆ ನಡೆದು ಬರುತ್ತಿದ್ದಳು. ಒಂದು ಸಲವೂ ನಕ್ಕವಳಲ್ಲ, ಗಡಿಯಾರ ನೋಡಿದವಳಲ್ಲ. ಮೊದಲ ಆನೆಯ ಮುಂದೆ ನಿಂತು, ಅದನ್ನು ಈಗಷ್ಟೇ ಮೊದಲ ಸಲ ಕಾಣುತ್ತಿರುವವಳ ಹಾಗೆ, "ಹ್ಞೂಂ, ಹೇಳಿ" ಅನ್ನುತ್ತಿದ್ದಳು.

ರಘುರಾಮನ ಮನಸ್ಸು ಸೋಲಲು ಇಷ್ಟು ಸಾಕಾಯಿತು. ಕೋಟೆಗಳು ಇದಕ್ಕಿಂತ ಹೆಚ್ಚಿನ ಮುತ್ತಿಗೆಯಿಂದ ಬಿದ್ದಿವೆ, ಆದರೆ ರಘುರಾಮ್ ಕೋಟೆಯಾಗಿರಲಿಲ್ಲ.

ಮಾರ್ಚಿನ ಒಂದು ಭಾನುವಾರ, ಬಸ್ಸಿಗೆ ಹೊರಟವಳು ಚಪ್ಪಲಿ ಹಾಕಿಕೊಳ್ಳುತ್ತ ಹೇಳಿದಳು: "ಮುಂದಿನ ವಾರ ಬರೋದು ಕೊನೆ ಆಗಬಹುದು ಸಾರ್. ಅದರ ಮಾರನೇ ದಿನ ಸೋಮವಾರ ಟ್ರಾನ್ಸ್‌ಫರ್ ಕೌನ್ಸೆಲಿಂಗ್ ಇದೆ. ಕೋಲಾರದ ಕಡೆ ಜಾಗ ಖಾಲಿ ಇದೆ, ನಮ್ಮ ತಮ್ಮ ಅಲ್ಲೇ ಇದ್ದಾನೆ. ತಗೊಂಡುಬಿಡ್ತೀನೇನೋ. ಇಲ್ಲಿ ಇರೋದಕ್ಕೆ ಅಂಥಾ ಕಾರಣ ಏನೂ ಕಾಣ್ತಿಲ್ಲ."

"ಒಳ್ಳೇದು," ಅಂದ ರಘುರಾಮ್. ಹೆದರಿದವನ ಬಾಯಲ್ಲಿ ಮೊದಲು ಬರುವ ಮಾತು ಅದೇ.

ಅವಳು ಒಂದು ಗಳಿಗೆ ಅವನನ್ನು ನೋಡಿ, ಹೋದಳು.

ಆ ವಾರ ರಘುರಾಮನ ಹೆದರಿಕೆಗೆ ಹಗಲು ರಾತ್ರಿ ಎಂಬ ಭೇದ ಇರಲಿಲ್ಲ. ಕೇಳದಿದ್ದರೆ ಅವಳು ಕೋಲಾರಕ್ಕೆ ಹೋಗುತ್ತಾಳೆ ಎಂಬ ಹೆದರಿಕೆ ಒಂದು. ಕೇಳಿದರೆ, ಗೋಡೆಯ ತರುಣಿಯ ಹಾಗೆ ಮುಖ ಆಚೆ ತಿರುಗಿಸಿದರೆ ಎಂಬ ಹೆದರಿಕೆ ಇನ್ನೊಂದು. ತಿರುಗಿಸದೆ ಹೂಂ ಅಂದುಬಿಟ್ಟರೆ ಎಂಬುದು ಮೂರನೆಯದು, ಅದು ಎಲ್ಲಕ್ಕಿಂತ ದೊಡ್ಡದು. ಯಾಕೆಂದರೆ ಮಾಲಿನಿ ಕಣಕಟ್ಟೆಯ ಭೀಮರಾಜ್ ಅವರ ಮಗಳು. ಭೀಮರಾಜ್ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಅವರ ಮನೆಯ ಪಡಸಾಲೆಯಲ್ಲಿ ಬುದ್ಧನ ಪಟ, ಅದರ ಪಕ್ಕ ಅಂಬೇಡ್ಕರರದು. ದೇವಸ್ಥಾನದ ಪಾರಾಯಣದವರ ಮನೆಯಿಂದ ಒಬ್ಬ ಬಂದು ಮಗಳನ್ನು ಕೇಳಿದರೆ ಅವರು ಏನೆಂದುಕೊಂಡಾರು? ಇತ್ತ ಗೋಪಾಲಸ್ವಾಮಿಗಳು? ಅವರು ಏನೂ ಅನ್ನುವುದಿಲ್ಲ. ಕಣ್ಣು ಮುಚ್ಚಿ ಬೆರಳು ತೋರಿಸುತ್ತಾರೆ.

ಮೊದಲು ಜಯದೇವಪ್ಪನವರ ಹತ್ತಿರ ಹೋದ. ಮೊಣಕಾಲು ಹಿಡಿದುಕೊಂಡ ಮೇಲೆ ಜಯದೇವಪ್ಪ ಗೈಡ್ ಕೆಲಸ ಬಿಟ್ಟು, ಬಸ್ ಸ್ಟ್ಯಾಂಡಿನ ಎದುರಿನ ಟೀ ಅಂಗಡಿಯ ಬೆಂಚನ್ನು ಅಲಂಕರಿಸಿದ್ದರು.

"ಅಣ್ಣಾ, ವೂಯಿಂಗ್ ಅಂದ್ರೆ ಏನು ಅಂತ ನಿಮಗೆ ಗೊತ್ತಿತ್ತಾ?"

"ಯಾರಿಗ್ಗೊತ್ತು? ನಮ್ಮ ಗುರುಗಳು ಹೇಳಿದ್ರು, ನಾನು ಹೇಳ್ದೆ, ನೀನು ಹೇಳ್ತಿದೀಯ. ದೊರೆಗಳು ತಲೆ ಆಡ್ಸಿ ಕೇಳ್ಕಂಡು ಹೋಗೋರು. ಯಾಕ್ಲಾ, ಏನಾಯ್ತು?"

ರಘುರಾಮ್ ಆದದ್ದನ್ನು ಹೇಳಿದ. ಆನೆ ಸಾಲಿನಿಂದ ಹೇಳಿದ್ದರಿಂದ ಎರಡು ಟೀ ಆಯಿತು. ಜಯದೇವಪ್ಪ ನಡುವೆ ಬಾಯಿ ಹಾಕದಂತೆ ತುಟಿಯ ಮೇಲೆ ಬೆರಳಿಟ್ಟುಕೊಂಡು ಕೇಳಿದರು.

"ಅಯ್ಯೋ ನಿನ್ನ! ಆ ಹೆಣ್ಣುಮಗಳು ಕಾರಣ ಕಾಣ್ತಿಲ್ಲ ಅಂತ ಬಾಯ್ಬಿಟ್ಟು ಹೇಳವ್ಳೆ, ನೀನು ಒಳ್ಳೇದು ಅಂದ್ಯಾ?"

"ಭಯ ಆಯ್ತಣ್ಣಾ."

"ಭಯ ಆಗ್ದೆ ಇನ್ನೇನಾಗ್ತೈತೆ! ನಾನು ನಮ್ಮನೆಯೋಳ್ನ ಮದುವೆ ಆದ ಮೂರನೇ ದಿನ ಮಾತಾಡ್ಸಿದ್ದು. ಅದಕ್ಕೇ ಕೈಕಾಲು ನಡುಗಿದ್ವು." ಜಯದೇವಪ್ಪ ಲೋಟ ಕೆಳಗಿಟ್ಟು ಯೋಚಿಸಿದರು. "ನೋಡು, ನೀನು ಬಾಯಿಪಾಠದೋನು. ಬಾಯಿಪಾಠ ಬಿಟ್ಟು ನಿನ್ನ ಬಾಯಲ್ಲಿ ಏನೂ ಹೊಂಡಾಕಿಲ್ಲ. ಆ ಮಾತ್ನೂ ಅದಕ್ಕೇ ಸೇರ್ಸು. ಆನೆಯಿಂದ ಹೊಂಡು. ರಾಜಕುಮಾರನ ತಾವ ಬಂದು ವೂಯಿಂಗ್ ಅಂದಿದ್ದೇ ತಡ, ಅದರ ಬಾಲಕ್ಕೆ ನಿನ್ನ ಮಾತು ಕಟ್ಬಿಡು. ಬಲ, ಧೈರ್ಯ, ವೇಗ ಎಲ್ಲಾ ಅಷ್ಟರಲ್ಲಿ ಹೇಳಿ ಆಗಿರ್ತದೆ."

ಯುದ್ಧತಂತ್ರ ಚೆನ್ನಾಗಿತ್ತು. ರಘುರಾಮ್ ತನ್ನ ಮಾತನ್ನು ರಚಿಸಿದ: "ಇದೇ ರೀತಿ ಮಾಲಿನಿ ಅವರೇ, ಈ ಗೋಡೆಯ ಮುಂದೆ ನಿಂತಿರುವ ನಾನೂ ತಮ್ಮನ್ನು ಕೇಳಿಕೊಳ್ಳುವುದೇನೆಂದರೆ." ಏನೆಂದರೆ ಎಂಬುದರ ಮುಂದೆ ಏನು ಎಂದು ತೋಚಲಿಲ್ಲ. ಪಕ್ಕದ ಮನೆಯವರ ಮಗನ ಇಂಗ್ಲಿಷ್ ನಿಘಂಟು ತಂದು ವೂ ಎಂಬ ಪದ ಹುಡುಕಿದ. ಪ್ರಣಯ ಯಾಚಿಸು, ಎಂದಿತ್ತು. ಯಾಚಿಸು ಎಂದು ಓದಿದ್ದೇ ನಿಘಂಟನ್ನು ಮಡಿಸಿ ವಾಪಸು ಕೊಟ್ಟ. ಬೆಳಿಗ್ಗೆ ಬೇಲೂರಿನಿಂದ ಹಳೇಬೀಡಿಗೆ ಬರುವ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಒಪ್ಪಿಸಿಕೊಳ್ಳುತ್ತಿದ್ದ. ರಾಜಕುಮಾರನ ಹತ್ತಿರ ಬರುವ ಹೊತ್ತಿಗೆ ಯಾರಾದರೂ "ಇದು ಮಾದಿಹಳ್ಳಿನಾ?" ಎಂದು ಕೇಳುತ್ತಿದ್ದರು. ಮತ್ತೆ ಆನೆ.

ಶನಿವಾರ ಸಂಜೆ ತಾಯಿ ಚೆಲುವಾಂಬ ಅಡುಗೆಮನೆಯ ಬಾಗಿಲಲ್ಲಿ ಕೂತು ದಂಟಿನ ಸೊಪ್ಪು ಬಿಡಿಸುತ್ತಿದ್ದರು. ರಘುರಾಮ್ ಎದುರು ಕೂತ, ಎದ್ದ, ಮತ್ತೆ ಕೂತ.

"ಏನೋ ಅದು? ಹೊಟ್ಟೆ ಸರಿಯಿಲ್ವಾ?"

ಹೇಳಿದ. ಹೆಸರು ಹೇಳಿದ, ಊರು ಹೇಳಿದ, ಯಾರ ಮಗಳು ಎಂದು ಹೇಳಿದ, ಬುದ್ಧನ ಪಟವನ್ನೂ ಹೇಳಿದ. ಚೆಲುವಾಂಬ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಮಗನನ್ನು ಬಲ್ಲವರು. ಸೊಪ್ಪಿನ ಕಟ್ಟು ಮುಗಿಯುವವರೆಗೆ ಕೈ ಆಡುತ್ತಲೇ ಇತ್ತು, ಆದರೆ ಎಲೆ ಕಸದ ಕಡೆ, ಬೇರು ಪಾತ್ರೆಯ ಕಡೆ ಹೋಗುತ್ತಿತ್ತು.

"ಅವಳು ಏನಂದ್ಲು?"

"ಇನ್ನೂ ಕೇಳಿಲ್ಲಮ್ಮ."

ಚೆಲುವಾಂಬ ಕೈಯ ದಂಟನ್ನು ಅವನ ಮೇಲೆ ಎಸೆದರು. "ಕೇಳದೇ ನನ್ನ ಎದೆ ಯಾಕೋ ಒಡೀತೀಯ? ನನಗೆ ಇದು ಇಷ್ಟ ಇಲ್ಲ ಕಣೋ. ಆದರೆ ಇಷ್ಟ ಇಲ್ಲ ಅಂತ ಜಗಳ ಆಡೋಕಾದ್ರೂ ಒಂದು ವಿಷಯ ಇರಬೇಕಲ್ಲ? ಹೋಗಿ ಕೇಳ್ಕೊಂಡು ಬಾ. ಆಮೇಲೆ ಆಡ್ತೀನಿ."

"ಅಪ್ಪ?"

"ಅಪ್ಪ ಪಾರಾಯಣ ಮಾಡ್ತಿದ್ದಾರೆ. ನಡುವೆ ಮಾತಾಡಿಸಬೇಡ, ಮತ್ತೆ ಮೊದಲಿಂದ ಶುರು ಮಾಡ್ತಾರೆ."

ಭಾನುವಾರ ಬಂತು. ಮಾಲಿನಿ ಹಸಿರು ಅಂಚಿನ ಹತ್ತಿ ಸೀರೆ ಉಟ್ಟು ಬಂದಿದ್ದಳು. ರಘುರಾಮ್ ಇಸ್ತ್ರಿ ಮಾಡಿದ ಷರಟು ಹಾಕಿದ್ದ, ಅದು ಬಸ್ಸಿಳಿಯುವ ಮೊದಲೇ ಬೆನ್ನಿಗೆ ಅಂಟಿತ್ತು. ಇಬ್ಬರೂ ಚಪ್ಪಲಿ ಬಿಟ್ಟು ಗುಡಿಯ ಸುತ್ತಲಿನ ಕಲ್ಲಿನ ಜಗತಿ ಹತ್ತಿದರು. ಮಧ್ಯಾಹ್ನದ ಕಲ್ಲು ಕಾದಿತ್ತು, ಆದರೆ ಅವನಿಗೆ ಪಾದ ಸುಡುತ್ತಿರುವುದು ತಿಳಿಯಲಿಲ್ಲ. ಅರಸೀಕೆರೆ ಬಸ್ಸು ಬರಲು ಇನ್ನೂ ಹೊತ್ತಿತ್ತು. ಅದು ತಪ್ಪಿದರೆ ಅವಳಿಗೆ ಅರಸೀಕೆರೆಯಲ್ಲಿ ಕಣಕಟ್ಟೆಯ ಬಸ್ಸು ಸಿಗುವುದಿಲ್ಲ, ನಾಳೆ ಕೌನ್ಸೆಲಿಂಗಿಗೆ ತೊಂದರೆ. ಆ ಬಸ್ಸಿಗಿಂತ ಮೊದಲು ಹೇಳಬೇಕು.

"ದಿಸ್ ಈಸ್ ದ ಎಲಿಫೆಂಟ್," ಅಂದ ರಘುರಾಮ್. ದನಿ ಪಾತಾಳದಿಂದ ಬಂತು. "ಎಲಿಫೆಂಟ್ ಮೀನ್ಸ್ ಸ್ಟ್ರೆಂತ್."

ಮಾಲಿನಿ ಇವತ್ತು ಪ್ರಶ್ನೆ ಕೇಳಲಿಲ್ಲ. ಏನೋ ಅರ್ಥವಾದವಳಂತೆ ತುಟಿ ಬಿಗಿಹಿಡಿದಿದ್ದಳು. ಸಿಂಹ ಕಳೆಯಿತು. ಬಳ್ಳಿ ಕಳೆಯಿತು. ಕುದುರೆ ಸಾಲಿನಲ್ಲಿ ತುಮಕೂರಿನ ಕುಟುಂಬವೊಂದು ಅಡ್ಡ ಬಂತು. "ಸ್ವಾಮಿ, ಬಾತ್‌ರೂಂ ಎಲ್ಲಿದೆ?"

ರಘುರಾಮ್ ಕೈ ತೋರಿಸಿದ. ದಾರ ಕಡಿಯಿತು. ಮಾಲಿನಿ ಅವನ ಜೊತೆ ಆನೆ ಸಾಲಿಗೆ ನಡೆದಳು.

ಎರಡನೇ ಸಲ ಪುರಾಣದ ಸಾಲಿನವರೆಗೆ ಹೋದ. ಅವನ ಜೇಬಿನ ಮೊಬೈಲ್ ಕೂಗಿತು. ಯಾವುದೋ ಬ್ಯಾಂಕಿನ ಸಾಲದ ಹುಡುಗಿ, ಸಾಲ ತೆಗೆದುಕೊಳ್ಳಿ ಎಂದು ಅವನನ್ನು ಬಹಳ ಚೆನ್ನಾಗಿ ಓಲೈಸಿದಳು. ಅವಳಿಗೆ ಒಂದಿಷ್ಟೂ ಹೆದರಿಕೆ ಇರಲಿಲ್ಲ. ರಘುರಾಮ್ ಹೊಟ್ಟೆಕಿಚ್ಚಿನಿಂದ ಕೇಳಿಸಿಕೊಂಡು, ಮೊಬೈಲ್ ಆರಿಸಿ, ಮತ್ತೆ ಆನೆಗೆ ಬಂದ.

ಮೂರನೇ ಸಲ ಮಕರ ದಾಟಿತು. ಹಂಸ ದಾಟಿತು. ತಿರುವು ಕಂಡಿತು. ತರುಣ ಕೈ ಚಾಚಿ ನಿಂತೇ ಇದ್ದ. ಎಷ್ಟು ಶತಮಾನದಿಂದ ಹೀಗೆ ಹೆದರಿ ನಿಂತಿದ್ದಾನೋ, ಪಾಪ, ಓಡಲೂ ಇಲ್ಲ. ರಘುರಾಮನ ಕಣ್ಣಿನ ಮುಂದೆ ಬೆರಳೊಂದು ಹಿಂದಕ್ಕೆ ತೋರಿಸುತ್ತಿತ್ತು.

"ಹಿಯರ್ ದ ಪ್ರಿನ್ಸ್," ಅಂದ. ಬ್ರೇವ್ ಅನ್ನಲು ನಾಲಿಗೆ ಏಳಲಿಲ್ಲ. "ಹಿಯರ್ ದ ಪ್ರಿನ್ಸ್ ಈಸ್..."

ಹೊರಗೆ ರಸ್ತೆಯಲ್ಲಿ ಹಾರನ್ ಆಯಿತು. ಮರಗಳಾಚೆ ಕೆಂಪು ಬಸ್ಸು ತಿರುಗಿ ನಿಂತಿತು.

"ಬಸ್ಸು ಬಂತು ಸಾರ್," ಮಾಲಿನಿ ಹೇಳಿದಳು. ಒಂದು ಗಳಿಗೆ ನಿಂತಳು. ರಘುರಾಮನ ಕೈ ಆಗಲೇ ಬೆನ್ನಿನ ಹಿಂದೆ ಹೋಗಿತ್ತು, ಕಾಲು ಆನೆಯ ಕಡೆ ತಿರುಗಿತ್ತು. ಅದನ್ನು ಅವಳು ನೋಡಿದಳು. ಅವಳ ಮುಖ ಸ್ವಲ್ಪ ಬಾಡಿತು. "ಪರವಾಗಿಲ್ಲ. ಬರ್ತೀನಿ."

ಅವಳು ಮೆಟ್ಟಿಲಿಳಿದಳು. ಚಪ್ಪಲಿ ಹಾಕಿಕೊಂಡಳು. ಹುಲ್ಲಿನ ನಡುವಿನ ಕಲ್ಲುದಾರಿಯಲ್ಲಿ ಹಸಿರು ಅಂಚು ಸಣ್ಣದಾಗುತ್ತ ಹೋಯಿತು. ರಘುರಾಮ್ ಎರಡು ಹೆಜ್ಜೆ ಆನೆಯ ಕಡೆ ಇಟ್ಟ. ಅಲ್ಲಿ ಹೋಗಿ ಶುರು ಮಾಡಿದರೆ ಕೇಳುವವರು ಯಾರು? ಇವತ್ತು ಜೊತೆಗೆ ನಡೆದು ಬರಲು ಯಾರೂ ಇಲ್ಲ. ಅದು ತಲೆಗೆ ಹೊಳೆದ ಕೂಡಲೇ ಅವನಿಗಾದ ಹೆದರಿಕೆಯ ಮುಂದೆ ಇಡೀ ವಾರದ ಹೆದರಿಕೆ ಬರೀ ಅಭ್ಯಾಸವಾಗಿ ಕಂಡಿತು.

ಓಡಿದ. ಚಪ್ಪಲಿ ಬಿಟ್ಟಲ್ಲೇ ಉಳಿಯಿತು. ಕಲ್ಲುದಾರಿ, ಗೇಟು, ಎಳನೀರಿನವನ ಗಾಡಿ, ಟಾರು ರಸ್ತೆ. ಟೀ ಅಂಗಡಿಯ ಬೆಂಚಿನಿಂದ ಜಯದೇವಪ್ಪ ಮೊಣಕಾಲು ಮರೆತು ಎದ್ದು ನಿಂತರು. ಮಾಲಿನಿ ಒಂದು ಕಾಲು ಫುಟ್‌ಬೋರ್ಡಿನ ಮೇಲಿಟ್ಟಿದ್ದಳು.

"ಮಾಲಿನಿ ಅವರೇ!"

ಅವಳು ತಿರುಗಿದಳು. ಕಿಟಕಿಯಲ್ಲಿದ್ದವರೆಲ್ಲ ತಿರುಗಿದರು. ರಘುರಾಮನಿಗೆ ಉಸಿರಿರಲಿಲ್ಲ. ಹುಲಿಯ ಎದುರು ನಿಂತ ಸಳನ ಬೆನ್ನಿಗೆ ಹೊಯ್ ಅನ್ನಲು ಗುರುಗಳಿದ್ದರು. ರಘುರಾಮನಿಗೆ ಕಂಡಕ್ಟರ್ ಇದ್ದ.

"ಏನ್ರೀ ಅದು, ಬೇಗ ಹೇಳ್ರೀ! ಬಾಣಾವರದಲ್ಲಿ ರೈಲಿಗೆ ಹೋಗೋ ಜನ ಕಾಯ್ತಾವ್ರೆ!"

"ಕೋಲಾರಕ್ಕೆ ಹೋಗ್ಬೇಡಿ," ಅಂದ ರಘುರಾಮ್. "ನನ್ನನ್ನ ಮದುವೆ ಆಗ್ತೀರಾ?"

ಬಸ್ಸು ಗುಡುಗುಡು ಅನ್ನುತ್ತಿತ್ತು. ಹುಲಿಕೆರೆಯ ಒಬ್ಬ ಅಜ್ಜಿ ಕಿಟಕಿಯಿಂದ ಅರ್ಧ ಹೊರಗೆ ಬಂದಿದ್ದಳು. ಮಾಲಿನಿ ಅವನ ಮುಖ ನೋಡಲಿಲ್ಲ. ಅವನ ಬರಿಗಾಲು ನೋಡಿದಳು. ಬಲಗಾಲಿನ ಹಿಮ್ಮಡಿ ನೆಲದಿಂದ ಎದ್ದಿತ್ತು.

"ಮೊದಲು ಹಿಮ್ಮಡಿ ಊರಿ," ಅಂದಳು.

ಊರಿದ. ಟಾರು ಕೆಂಡದ ಹಾಗೆ ಸುಟ್ಟಿತು. ಎತ್ತಲಿಲ್ಲ.

"ನಮ್ಮಪ್ಪ ಬಹಳ ಪ್ರಶ್ನೆ ಕೇಳ್ತಾರೆ. ನನಗಿಂತ ಜಾಸ್ತಿ."

"ಗೊತ್ತು. ಅಂದ್ರೆ, ಗೊತ್ತಿರಲಿಲ್ಲ. ಆದ್ರೂ ಬರ್ತೀನಿ."

"ನಿಮ್ಮನೇಲಿ?"

"ಅಮ್ಮ ಜಗಳ ಆಡ್ತೀನಿ ಅಂತ ಹೇಳಿದ್ದಾರೆ."

ಮಾಲಿನಿ ನಕ್ಕುಬಿಟ್ಟಳು. ಕಂಡಕ್ಟರ್ ಬೇಡಿಕೊಂಡ: "ಅಮ್ಮಾ, ಹತ್ತೋದಾದ್ರೆ ಹತ್ತಮ್ಮ, ಒಪ್ಪೋದಾದ್ರೆ ಒಪ್ಪಮ್ಮ."

"ಎರಡೂ," ಅಂದಳು ಅವಳು. ರಘುರಾಮನ ಕಡೆ ತಿರುಗಿ, "ಆಗ್ತೀನಿ. ನಾಳೆ ಕೌನ್ಸೆಲಿಂಗಲ್ಲಿ ಇಲ್ಲೇ ಇರ್ತೀನಿ ಅಂತೀನಿ. ಚಪ್ಪಲಿ ಹಾಕ್ಕೊಳ್ಳಿ, ಕಾಲು ಸುಡುತ್ತೆ," ಎಂದು ಹತ್ತಿದಳು. ಕಂಡಕ್ಟರ್ ರೈಟ್ ಅಂದ. ಮಾಲಿನಿಗೆ ಸಿಕ್ಕ ಕಿಟಕಿ ಆಚೆ ಬದಿಗಿತ್ತು, ಅವಳ ಪರವಾಗಿ ಅಜ್ಜಿ ಕೈ ಬೀಸಿದಳು.

ಚೆಲುವಾಂಬ ಮಾತಿಗೆ ತಪ್ಪುವವರಲ್ಲ. ಯುಗಾದಿಯವರೆಗೂ ಜಗಳ ಆಡಿದರು. ಹಬ್ಬದ ದಿನ ಒಬ್ಬಟ್ಟು ತಟ್ಟುತ್ತ, ಆ ಹುಡುಗಿಗೆ ತೊಗರಿಬೇಳೆಯದು ಇಷ್ಟವೋ ಕಡಲೆಬೇಳೆಯದೋ ಎಂದು ಅದೇ ಜಗಳದ ದನಿಯಲ್ಲಿ ಕೇಳಿದರು. ಗೋಪಾಲಸ್ವಾಮಿಗಳು ಮಗನ ಜೊತೆ ಮಾತು ಬಿಟ್ಟರು. ಇನ್ನೂ ಪೂರ್ತಿ ಆಡುವುದಿಲ್ಲ. ಆದರೆ ಬೆರಳು ಎತ್ತಲಿಲ್ಲ. ಭೀಮರಾಜ್ ಕಣಕಟ್ಟೆಯ ಪಡಸಾಲೆಯಲ್ಲಿ ರಘುರಾಮನನ್ನು ಕೂರಿಸಿಕೊಂಡು ಒಂದು ಮಧ್ಯಾಹ್ನವಿಡೀ ಪ್ರಶ್ನೆ ಕೇಳಿದರು: ನಿಮ್ಮ ಮನೆಯಲ್ಲಿ ನನ್ನ ಮಗಳು ಎಲ್ಲರ ಜೊತೆ ಕೂತು ಊಟ ಮಾಡುತ್ತಾಳೋ ಇಲ್ಲವೋ, ಅದನ್ನು ಮೊದಲು ಹೇಳಿ. ರಘುರಾಮ್ ಬೆವರುತ್ತ, ಹುಟ್ಟಿದ ಊರಿಗೆ ಹೋಗದೆ, ಕೇಳಿದ್ದಕ್ಕೆ ಕೇಳಿದಲ್ಲೇ ಉತ್ತರ ಕೊಟ್ಟ: ಅವಳು ಕೂರದ ಪಂಕ್ತಿಯಲ್ಲಿ ತಾನೂ ಕೂರುವುದಿಲ್ಲ. ಅರಸೀಕೆರೆಯ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯಾಯಿತು. ಚೆಲುವಾಂಬ ಬಂದರು. ಸಾಕ್ಷಿಗೆ ಸಹಿ ಹಾಕಿದವರು ಜಯದೇವಪ್ಪ.

ಈ ನಡುವೆ ಟೀ ಅಂಗಡಿಯಲ್ಲಿ ಕಥೆ ಬೆಳೆದಿತ್ತು. ರಘುರಾಮ್ ಹೊರಟ ಬಸ್ಸನ್ನು ಅಡ್ಡಗಟ್ಟಿ ನಿಲ್ಲಿಸಿದನೆಂದು ಕೆಲವರು. ಮಂಡಿಯೂರಿ ಇಂಗ್ಲಿಷಿನಲ್ಲಿ ಪ್ರಣಯ ಯಾಚಿಸಿದನೆಂದು ಕೆಲವರು. ಎಳನೀರಿನವನು ತಾನು ಕಣ್ಣಾರೆ ಕಂಡವನಾದ್ದರಿಂದ, ಗೋಡೆಯ ಸಿಂಹ ಎದ್ದು ಅವನ ಹಿಂದೆ ಓಡಿತೆಂದು ಹೇಳುತ್ತಿದ್ದ. ಮದುವೆಯಾದ ಮರುವಾರ ರಘುರಾಮ್ ಟೀ ಕುಡಿಯಲು ಬಂದಾಗ ಅಂಗಡಿ ತುಂಬಿತ್ತು. ಜಯದೇವಪ್ಪ ಎಲ್ಲರ ಪರವಾಗಿ ಕೇಳಿದರು.

"ಅಲ್ಲಯ್ಯ, ಸೊಳ್ಳೆ ಗುಂಯ್ ಅಂದ್ರೂ ಆನೆ ತಾವ ಓಡೋನು ನೀನು. ಅಷ್ಟು ಜನದೆದುರಿಗೆ ಕೇಳೋ ಧೈರ್ಯ ಎಲ್ಲಿಂದ ಬಂತು? ನಿಜ ಹೇಳು."

ಅಂಗಡಿಯವನು ಸ್ಟೌವ್ ಸಣ್ಣ ಮಾಡಿದ. ರಘುರಾಮ್ ಲೋಟ ಊದಿ ಒಂದು ಗುಟುಕು ಕುಡಿದ.

"ಧೈರ್ಯ ಎಲ್ಲಿ ಬಂತಣ್ಣಾ, ಬಸ್ಸು ಬಂತು. ಆನೆಯಿಂದ ಶುರು ಮಾಡೋಕೆ ಟೈಮಿರಲಿಲ್ಲ."